ಬಿಡಿಭಾಗ ಸರಿ, ಸಂದು ತಪ್ಪು: ದಾವಣಗೆರೆಯ ಮನೆಯೊಂದರ ಮೊದಲ ಡೆಸ್ಕ್‌ಟಾಪ್

ಮನೆ ಇರುವುದು ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಂದ ಎರಡು ಬೀದಿ ಆಚೆ. ಕಂಪ್ಯೂಟರ್ ಇಡುವ ಜಾಗ ಮಹಡಿಯ ಮೇಲಿನ ಕೋಣೆ. ಕಿಟಕಿ ಪಡುವಣಕ್ಕೆ, ನೆತ್ತಿಯ ಮೇಲೆ ಬರೀ ತಾರಸಿ. ಬಳಸುವವಳು ಸಿವಿಲ್ ಎಂಜಿನಿಯರಿಂಗ್ ನಾಲ್ಕನೇ ಸೆಮಿಸ್ಟರಿನ ವಿದ್ಯಾರ್ಥಿನಿ. ನಕ್ಷೆ ಬಿಡಿಸುವ ಆಟೋಕ್ಯಾಡ್ ದಿನಾ ಬೇಕು, ಕಟ್ಟಡದ ಮಾದರಿ ಕಟ್ಟುವ ರೆವಿಟ್ ಈಗಷ್ಟೇ ಶುರುವಾಗಿದೆ, ಆ ಮಾದರಿಯಿಂದ ನಿಜದಂತೆ ಕಾಣುವ ಚಿತ್ರ ತೆಗೆಯುವ, ಅಂದರೆ ರೆಂಡರ್ ಮಾಡುವ ಕೆಲಸ ಇನ್ನೊಂದು ವರ್ಷಕ್ಕೆ ಬರುತ್ತದೆ. ಸಂಜೆ ತಮ್ಮನ ಆಟವೂ ಇದರಲ್ಲೇ. ಮಾನಿಟರ್ ಸೇರಿ ಕೈಯಲ್ಲಿರುವುದು 65,000 ರೂಪಾಯಿ. ಕಾಲ 2025ರ ಮಾರ್ಚ್.

ಯೂಟ್ಯೂಬ್ ನೋಡಿ, ಎರಡು ಅಂಗಡಿಯಲ್ಲಿ ಕೇಳಿ ಬರೆದ ಮೊದಲ ಪಟ್ಟಿ ಹೀಗಿತ್ತು: ರೈಜೆನ್ 7 5700ಎಕ್ಸ್ ಪ್ರೊಸೆಸರ್ 15,500, ಬಿ450 ಮದರ್‌ಬೋರ್ಡ್ 5,500, ಡಿಡಿಆರ್4 8 ಜಿಬಿ ರ್‍ಯಾಮ್ ಒಂದೇ ಕಡ್ಡಿ 1,800, ಆರ್‌ಟಿಎಕ್ಸ್ 3050 6 ಜಿಬಿ ಗ್ರಾಫಿಕ್ಸ್ ಕಾರ್ಡ್ 16,500, 512 ಜಿಬಿ ಎಸ್‌ಎಸ್‌ಡಿ 3,000, ಮುಂಭಾಗಕ್ಕೆ ಗಾಜಿರುವ, ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಯಂತ್ರಕ್ಕೆ ಹೊಂದಿಸಿ ಕೊಡುವ ಡಬ್ಬಿ) ಜೊತೆಗೇ ಬರುವ ಕ್ಯಾಬಿನೆಟ್ 4,500, ಬಣ್ಣದ ದೀಪದ ಕೂಲರ್ 2,500, 27 ಇಂಚಿನ ಬಾಗಿದ ಮಾನಿಟರ್ 12,500, ದೀಪದ ಕೀಬೋರ್ಡ್ ಮತ್ತು ಮೌಸ್ 2,500. ಒಟ್ಟು 64,300.

ಒಂದೊಂದನ್ನೇ ಎತ್ತಿ ನೋಡಿದರೆ ಇದರಲ್ಲಿ ಕಳಪೆ ಮಾಲು ಆ ಎಸ್‌ಎಂಪಿಎಸ್ ಒಂದೇ. ಉಳಿದವನ್ನು ಕೆಟ್ಟವು ಎನ್ನಲಾಗದು. ಆದರೂ ಈ ಪಟ್ಟಿ ನಿಲ್ಲುವುದಿಲ್ಲ. ಪ್ರೊಸೆಸರ್ ಬೋರ್ಡಿಗೆ ಕೂಡುವಲ್ಲಿ, ಬೋರ್ಡಿಗೆ ರ್‍ಯಾಮ್ ಕೂಡುವಲ್ಲಿ, ಎಸ್‌ಎಂಪಿಎಸ್ ಗೋಡೆಯ ಪ್ಲಗ್ಗಿಗೆ ಕೂಡುವಲ್ಲಿ, ಕ್ಯಾಬಿನೆಟ್ ಕೋಣೆಯ ಗಾಳಿಗೆ ಕೂಡುವಲ್ಲಿ ಇದು ಬಿಟ್ಟುಕೊಳ್ಳುತ್ತದೆ. ವಿಡಿಯೊಗಳು ಭಾಗಗಳನ್ನು ತೂಗಿ ತೋರಿಸುತ್ತವೆ. ಸಂದುಗಳನ್ನು ನೋಡಿಕೊಳ್ಳಬೇಕಾದವರು ಜೋಡಿಸುವವರೇ.

ಪ್ರೊಸೆಸರ್ ಮತ್ತು ಬೋರ್ಡ್

ಬಿ450 ಬೋರ್ಡುಗಳು ಮಾರುಕಟ್ಟೆಗೆ ಬಂದದ್ದು 2018ರಲ್ಲಿ, 5700ಎಕ್ಸ್ ಬಂದದ್ದು 2022ರಲ್ಲಿ. ಅಂಗಡಿಯ ಕಪಾಟಿನಲ್ಲಿ ಹಳೆಯ ಸ್ಟಾಕ್ ಉಳಿದಿದ್ದರೆ ಅದರ ಬಯಾಸ್‌ಗೆ (ಯಂತ್ರವನ್ನು ಹೊತ್ತಿಸುವ, ಬೋರ್ಡಿನೊಳಗಿನ ತಂತ್ರಾಂಶ) ಈ ಪ್ರೊಸೆಸರಿನ ಗುರುತೇ ಇರುವುದಿಲ್ಲ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಗೇ ಇರುತ್ತದೆ. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯಾಸ್ ಹಾಕಿಕೊಳ್ಳುವ ಫ್ಲ್ಯಾಶ್‌ಬ್ಯಾಕ್ ಬಟನ್ ಅಗ್ಗದ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಇರದು. ಆಗ ಹಳೆಯ ರೈಜೆನ್ ಒಂದನ್ನು ಯಾರಿಂದಲಾದರೂ ಎರವಲು ತಂದು, ಕೂರಿಸಿ, ಬಯಾಸ್ ಬದಲಿಸಿ, ಮತ್ತೆ ತೆಗೆಯಬೇಕು. ಮೊದಲ ಸಲ ಜೋಡಿಸುವವರ ಧೈರ್ಯ ಅಲ್ಲೇ ಮುಗಿಯುತ್ತದೆ.

ಇನ್ನೊಂದು ಮಾತು. ಆ ಬೋರ್ಡಿನ ಎಎಂ4 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ದಾರಿಯ ಕೊನೆಗೆ ಬಂದಿದೆ. ಅದರ ನಂತರದ ಎಎಂ5 ಸಾಕೆಟ್ಟನ್ನು 2027ರವರೆಗಾದರೂ ಬೆಂಬಲಿಸುವುದಾಗಿ ರೈಜೆನ್ ತಯಾರಿಸುವ ಎಎಂಡಿ ಹೇಳಿದೆ. ಐದಾರು ವರ್ಷ ಬಾಳಬೇಕಾದ ಯಂತ್ರಕ್ಕೆ, ಬರೀ ಪ್ರೊಸೆಸರ್ ಬದಲಿಸಿ ಮುಂದೆ ಹೋಗುವ ಅವಕಾಶ ದೊಡ್ಡದು. 5700ಎಕ್ಸ್‌ನ ಎಂಟು ಕೋರ್‌ಗಳ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕಗಳು) ಆಸೆಯನ್ನೂ ಇಲ್ಲಿ ಬಿಡಬಹುದು. ರೆವಿಟ್‌ನ ದಿನನಿತ್ಯದ ಕೆಲಸ ಬಹುಪಾಲು ಒಂದೆರಡು ಕೋರ್‌ಗಳ ವೇಗವನ್ನೇ ನಂಬಿದೆ. ಎಲ್ಲ ಕೋರ್‌ಗಳೂ ದುಡಿಯುವುದು ಪ್ರೊಸೆಸರಿನಲ್ಲಿ ರೆಂಡರ್ ಮಾಡುವಾಗ.

ಎಎಂ5ರಲ್ಲಿ ಮೂರು ಹೆಸರು ಮೇಜಿಗೆ ಬಂದವು. ರೈಜೆನ್ 5 7600ರಲ್ಲಿ ಒಳಗಿನ ಗ್ರಾಫಿಕ್ಸ್ ಇದೆ, ಆದರೆ ಪರದೆ ಹೊತ್ತಿಸುವಷ್ಟೇ ಶಕ್ತಿ. 8500ಜಿ ಅಗ್ಗ, ಗ್ರಾಫಿಕ್ಸ್ ಪರವಾಗಿಲ್ಲ. ಆದರೆ ಮುಂದೆ ಹಾಕುವ ಕಾರ್ಡಿಗೆ ಅದು ಕೊಡುವುದು ಪಿಸಿಐಇಯ (ಪ್ರೊಸೆಸರಿಗೂ ಕಾರ್ಡಿಗೂ ನಡುವೆ ಮಾಹಿತಿ ಓಡಾಡುವ ದಾರಿ) ನಾಲ್ಕೇ ಲೇನ್. ಪೆಟ್ಟಿಗೆಯ ಮೇಲೆ ಈ ಸಂಗತಿ ಎಲ್ಲೂ ದೊಡ್ಡದಾಗಿ ಕಾಣುವುದಿಲ್ಲ, ಕಾರ್ಡ್ ಹಾಕಿದ ಮೇಲೆ ಗೊತ್ತಾಗುತ್ತದೆ. 8600ಜಿ ಎಂಟು ಲೇನ್ ಕೊಡುತ್ತದೆ, ಒಳಗಿನ ಗ್ರಾಫಿಕ್ಸಿನಲ್ಲಿ ಚಿತ್ರದ ಲೆಕ್ಕ ಮಾಡುವ ಎಂಟು ಕಂಪ್ಯೂಟ್ ಯೂನಿಟ್‌ಗಳಿವೆ. ಆರ್‌ಟಿಎಕ್ಸ್ 4060ರಂಥ ಕಾರ್ಡುಗಳು ಹೇಗೂ ಎಂಟು ಲೇನ್‌ಗಳನ್ನೇ ಬಳಸುವುದರಿಂದ ಅವಕ್ಕೆ ಇಲ್ಲಿ ಕೊರತೆಯಿಲ್ಲ. ಕಾರ್ಡನ್ನು ಇವತ್ತೇ ಕೊಳ್ಳುವುದಾದರೆ 7600 ಉತ್ತಮ. ಒಂದು ವರ್ಷ ಮುಂದೂಡುವುದಾದರೆ 8600ಜಿ. ಇಲ್ಲಿ ಮುಂದೂಡಲು ತೀರ್ಮಾನವಾಯಿತು, ಏಕೆಂದರೆ 3050ಗೆ ಹಾಕುವ 16,500ರಲ್ಲಿ ರ್‍ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್ ಮೂರೂ ಸರಿಹೋಗುತ್ತವೆ.

ಬಯಾಸ್ ತಕರಾರು ಇಲ್ಲೂ ಇದೆ. ಬಿ650 ಬೋರ್ಡುಗಳು 2022ರವು, 8600ಜಿ 2024ರ ಜನವರಿಯದು. ಹಾಗಾಗಿ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ, ನಾಲ್ಕು ರ್‍ಯಾಮ್ ಸ್ಲಾಟಿನ ಬಿ650ಎಂ ಬೋರ್ಡೇ ಬೇಕೆಂದು ಪಟ್ಟಿಯಲ್ಲಿ ಬರೆಯಲಾಯಿತು. ಬಟನ್ನಿಗಾಗಿ ಐದಾರು ನೂರು ಹೆಚ್ಚು ಕೊಟ್ಟರೂ ಅದು ವಿಮೆ ಇದ್ದಂತೆ.

ರ್‍ಯಾಮ್

ಒಂದೇ ಕಡ್ಡಿ 8 ಜಿಬಿ ಎನ್ನುವುದು ಮೊದಲ ಪಟ್ಟಿಯ ಅತಿ ದುಬಾರಿ ಉಳಿತಾಯ. ರೆವಿಟ್‌ಗೆ ಆಟೋಡೆಸ್ಕ್ ಕೇಳುವ ಕನಿಷ್ಠವೇ 16 ಜಿಬಿ. ಅದರ ಮೇಲೆ 8600ಜಿಯ ಗ್ರಾಫಿಕ್ಸಿಗೆ ತನ್ನದೇ ಮೆಮೊರಿ ಇಲ್ಲ, ರ್‍ಯಾಮ್‌ನಿಂದಲೇ ಪಾಲು ತೆಗೆದುಕೊಳ್ಳುತ್ತದೆ. ಒಂದೇ ಕಡ್ಡಿ ಹಾಕಿದರೆ ದಾರಿಯ ಅಗಲ ಅರ್ಧವಾಗಿ ಗ್ರಾಫಿಕ್ಸ್ ಕುಂಟುತ್ತದೆ. ಆದ್ದರಿಂದ ಡಿಡಿಆರ್5 6000 ವೇಗದ 16 ಜಿಬಿಯ ಎರಡು ಕಡ್ಡಿ, ಒಂದೇ ಪೆಟ್ಟಿಗೆಯಲ್ಲಿ ಜೋಡಿಯಾಗಿ ಬರುವಂಥದ್ದು. 8 ಜಿಬಿಯ ನಾಲ್ಕು ಕಡ್ಡಿ ಹಾಕಿ ಸ್ಲಾಟ್ ತುಂಬಿಸುವುದು ನೋಡಲು ಚೆನ್ನ, ಆದರೆ ಎಎಂ5ರಲ್ಲಿ ನಾಲ್ಕು ಕಡ್ಡಿಗೆ ಎಎಂಡಿ ಖಾತರಿ ಕೊಡುವ ವೇಗ 3600 ಮಾತ್ರ.

ಗೋಡೆಯಿಂದ ಎಸ್‌ಎಂಪಿಎಸ್‌ವರೆಗೆ

ಕ್ಯಾಬಿನೆಟ್ ಜೊತೆ ಬರುವ ಎಸ್‌ಎಂಪಿಎಸ್ ಬಗ್ಗೆ ಅಂಗಡಿಯ ಮಾತು ಯಾವಾಗಲೂ ಒಂದೇ: “ಐನೂರು ವ್ಯಾಟ್ ಐತಿ, ಏನೂ ಆಗಂಗಿಲ್ಲ ಬಿಡ್ರಿ.” ಡಬ್ಬಿಯನ್ನು ಮಗುಚಿ ಅಂಟಿಸಿದ ಚೀಟಿ ಓದಬೇಕು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕುಡಿಯುವುದು 12 ವೋಲ್ಟ್ ಸಾಲಿನಿಂದ. ಆ ಸಾಲಿನ ಮುಂದೆ 18 ಆಂಪಿಯರ್ ಎಂದಿತ್ತು. 12ನ್ನು 18ರಿಂದ ಗುಣಿಸಿದರೆ 216 ವ್ಯಾಟ್. ಐನೂರರ ಉಳಿದದ್ದು 5 ವೋಲ್ಟ್, 3.3 ವೋಲ್ಟ್ ಸಾಲುಗಳ ಲೆಕ್ಕ. ಈ ಕಾಲದ ಯಂತ್ರಕ್ಕೆ ಅದು ಅಷ್ಟಾಗಿ ಬೇಡ. ಒಳ್ಳೆಯ 550 ವ್ಯಾಟ್ ಎಸ್‌ಎಂಪಿಎಸ್‌ನ ಚೀಟಿಯಲ್ಲಿ 12 ವೋಲ್ಟ್ ಸಾಲಿಗೆ 45 ಆಂಪಿಯರ್ ಆಸುಪಾಸು ಇರುತ್ತದೆ, ಅಂದರೆ 540 ವ್ಯಾಟ್. ಇದೊಂದು ಗುಣಾಕಾರ ಬಂದರೆ ಸಾಕು, ಯಾರ ಮಾತೂ ಬೇಡ.

ಬೇಕಾದದ್ದೆಷ್ಟು? 8600ಜಿ ಪೂರ್ತಿ ದುಡಿದಾಗ ಸುಮಾರು 88 ವ್ಯಾಟ್. ಬೋರ್ಡ್, ರ್‍ಯಾಮ್, ಎಸ್‌ಎಸ್‌ಡಿ, ಫ್ಯಾನ್‌ಗಳಿಗೆ 45. ಮುಂದಿನ ವರ್ಷದ 115 ವ್ಯಾಟ್ ಕಾರ್ಡ್ ಸೇರಿದರೆ ಒಟ್ಟು 250ರ ಹತ್ತಿರ. ಎಸ್‌ಎಂಪಿಎಸ್ ಒಳಗೆ ಬಿಸಿಯಾಗಿ ಹೋಗುವುದನ್ನೂ ಸೇರಿಸಿದರೆ ಗೋಡೆಯಿಂದ ಎಳೆಯುವುದು ಸುಮಾರು 300. ಹಾಗಿದ್ದ ಮೇಲೆ 550 ವ್ಯಾಟ್, 80 ಪ್ಲಸ್ ಬ್ರಾಂಝ್ (ಕರೆಂಟ್ ಎಷ್ಟು ಕಡಿಮೆ ಪೋಲಾಗುತ್ತದೆ ಎನ್ನುವ ದರ್ಜೆ), ಐದು ವರ್ಷ ವಾರಂಟಿ ಸಾಕು. 750 ಕೊಳ್ಳುವುದು ಮೂವರ ಮನೆಗೆ ಮದುವೆಯ ಹಂಡೆ ತಂದಂತೆ.

ಗೋಡೆಯ ಪ್ಲಗ್ಗನ್ನು ಮನೆಯಲ್ಲಿ ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ವೈರ್‌ಮ್ಯಾನ್ ಮೀಟರ್ ಹಿಡಿದಾಗ ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 228 ವೋಲ್ಟ್, ಸರಿ. ಫೇಸ್‌ಗೂ ಅರ್ಥ್‌ಗೂ ನಡುವೆ ಅದರ ಆಸುಪಾಸೇ ಇರಬೇಕಿತ್ತು, ತೋರಿಸಿದ್ದು 140. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎರಡು ಮೂರು ವೋಲ್ಟ್ ದಾಟಬಾರದು, ಇತ್ತು 90. ಸ್ವಿಚ್ ಬಾಕ್ಸ್ ಬಿಚ್ಚಿದರೆ ಮೇಲ್ಮಹಡಿಗೆ ಎಳೆದ ಅರ್ಥ್ ತಂತಿಯ ತುದಿ ಎಲ್ಲೂ ಸೇರದೆ ನಿಂತಿತ್ತು. ಇಂಥ ಪ್ಲಗ್ಗಿಗೆ ಹಾಕಿದ ಕಂಪ್ಯೂಟರಿನ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ. ಎಸ್‌ಎಂಪಿಎಸ್ ಒಳಗಿನ ಸೋಸುವ ಕೆಪ್ಯಾಸಿಟರುಗಳು ಫೇಸ್, ನ್ಯೂಟ್ರಲ್ ಎರಡರಿಂದಲೂ ತಗಡಿಗೆ ಕೂಡಿರುತ್ತವೆ. ಅರ್ಥ್ ಇಲ್ಲದಿದ್ದರೆ ತಗಡು ಅರ್ಧ ವೋಲ್ಟೇಜಿನಲ್ಲಿ ತೇಲುತ್ತದೆ. ಕರೆಂಟ್ ಸಣ್ಣದೇ, ಆದರೆ ಯುಎಸ್‌ಬಿ ಚುಚ್ಚುವಾಗ ಆಗುವ ಕಿಡಿಗೆ ಪೋರ್ಟ್ ಹೋಗಬಹುದು. ತಂತಿ ಸೇರಿಸಿದ್ದಾಯಿತು. ಅಂಗಳದ ಅರ್ಥಿಂಗ್ ಗುಂಡಿ ಬೇಸಿಗೆಗೆ ಒಣಗಿ ಬಿರುಕು ಬಿಟ್ಟಿತ್ತು. ನಾಲ್ಕು ಕೊಡ ನೀರು ಹಾಕಿದ್ದಾಯಿತು. ಬೇಸಿಗೆ ಮುಗಿಯುವವರೆಗೆ ವಾರಕ್ಕೊಮ್ಮೆ ಅದಕ್ಕೆ ನೀರು ಬೇಕು. ಈ ಅಳತೆಗಳನ್ನು ತಿಳಿದ ವೈರ್‌ಮ್ಯಾನ್ ಕೈಯಲ್ಲೇ ಮಾಡಿಸಬೇಕು.

ಕ್ಯಾಬಿನೆಟ್ ಮತ್ತು ಕೋಣೆ

ಏಪ್ರಿಲ್‌ನಲ್ಲಿ ಊರಿನ ಮಧ್ಯಾಹ್ನ 38 ಡಿಗ್ರಿ ಮುಟ್ಟುತ್ತದೆ, ತಾರಸಿ ಕೆಳಗಿನ ಕೋಣೆ ಸಂಜೆಯವರೆಗೂ ಆ ಬಿಸಿ ಬಿಡುವುದಿಲ್ಲ. ಪ್ರೊಸೆಸರಿನ ಬಿಸಿ ಕೋಣೆಯ ಬಿಸಿಯ ಮೇಲೆ ಕೂಡುವ ಲೆಕ್ಕ. 25 ಡಿಗ್ರಿ ಎಸಿ ಕೋಣೆಯಲ್ಲಿ ವಿಡಿಯೊ ಮಾಡಿದವರು 76 ಎಂದು ತೋರಿಸಿದರೆ ಇಲ್ಲಿ ಅದಕ್ಕೆ 13 ಕೂಡಿಸಿಕೊಳ್ಳಬೇಕು. ಗಾಜಿನ ಮುಖದ ಕ್ಯಾಬಿನೆಟ್‌ಗೆ ಗಾಳಿ ಬರುವುದು ಅಂಚಿನ ಬೆರಳಗಲದ ಸಂದಿಯಿಂದ. ಅದನ್ನು ಬಿಟ್ಟು ಜಾಲರಿ ಮುಖದ ಮೈಕ್ರೊ ಎಟಿಎಕ್ಸ್ ಕ್ಯಾಬಿನೆಟ್ ಆರಿಸಲಾಯಿತು: ಮುಂದೆ 120 ಮಿ.ಮೀ.ನ ಎರಡು ಫ್ಯಾನ್ ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ಒಳಕ್ಕೆ ಬರುವ ಗಾಳಿ ಹೆಚ್ಚಿದ್ದರೆ ದೂಳು ಫಿಲ್ಟರ್ ದಾಟಿಯೇ ಬರಬೇಕು, ಸಿಕ್ಕಸಿಕ್ಕ ಸಂದಿಯಿಂದ ನುಗ್ಗದು.

ದೂಳು ಎಂದರೆ ಈ ಬೀದಿಯಲ್ಲಿ ಬರೀ ಮಣ್ಣಲ್ಲ. ಭಟ್ಟಿಯ ಮಸಿ, ಭತ್ತದ ಹೊಟ್ಟಿನ ಬೂದಿ ಹಗುರ. ಅಡುಗೆಮನೆಯ ಎಣ್ಣೆಹಬೆ ಸೇರಿದರೆ ಫ್ಯಾನಿನ ರೆಕ್ಕೆಗೆ ಅಂಟಿ ಕೂರುತ್ತದೆ. ತಿಂಗಳಿಗೊಮ್ಮೆ ಮುಂದಿನ ಫಿಲ್ಟರ್ ತೊಳೆದು ಪೂರ್ತಿ ಒಣಗಿಸಿ ಹಾಕಬೇಕು. ಮೂರು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯುವಾಗ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು. ಬಿಟ್ಟರೆ ಫ್ಯಾನ್ ಅಂಕೆ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಚಿತ್ರದುರ್ಗದ ಕಡೆ, ಗಾಳಿಯಂತ್ರಗಳನ್ನೇ ತಿರುಗಿಸುವ ಆ ಬಯಲುಗಾಳಿಯಲ್ಲಿ, ತಿಂಗಳ ಕೆಲಸವನ್ನು ಹದಿನೈದು ದಿನಕ್ಕೇ ಮಾಡಬೇಕಾದೀತು. ಕ್ಯಾಬಿನೆಟ್ಟನ್ನು ನೆಲದಿಂದ ಗೇಣೆತ್ತರದ ಸ್ಟೂಲಿನ ಮೇಲೆ, ಗೋಡೆಗೆ ನಾಲ್ಕು ಬೆರಳು ದೂರ ಇಟ್ಟರೆ ಸಾಕು. ಕಂಪ್ಯೂಟರ್ ಟೇಬಲಿನ ಬಾಗಿಲಿರುವ ಗೂಡಿಗೆ ಮಾತ್ರ ತುರುಕಬಾರದು.

ಕೊನೆಗೆ ಕೊಂಡದ್ದು

ರೈಜೆನ್ 5 8600ಜಿ 18,500. ಬಿ650ಎಂ ಬೋರ್ಡ್ 11,500. 16 ಜಿಬಿಯ ಎರಡು ಕಡ್ಡಿ 9,000. 1 ಟಿಬಿ ಜೆನ್4 ಎನ್‌ವಿಎಂಇ ಎಸ್‌ಎಸ್‌ಡಿ 5,500. 550 ವ್ಯಾಟ್ ಎಸ್‌ಎಂಪಿಎಸ್ 4,500. ಜಾಲರಿ ಕ್ಯಾಬಿನೆಟ್, ಮೂರು ಫ್ಯಾನ್ ಸಮೇತ 4,000. 24 ಇಂಚಿನ ಐಪಿಎಸ್ ಮಾನಿಟರ್ 8,500. ಸಾದಾ ಕೀಬೋರ್ಡ್, ಮೌಸ್ 1,000. ಒಟ್ಟು 62,500. ಕೂಲರ್‌ಗೆಂದು 2,000 ಎತ್ತಿಡಲಾಯಿತು, ಪೆಟ್ಟಿಗೆಯ ಜೊತೆ ಬರುವ ಕೂಲರ್ ಸಾಕೋ ಇಲ್ಲವೋ ಅಳೆದು ನೋಡಿದ ಮೇಲೆ ಕೊಳ್ಳಲು. ವಿಂಡೋಸ್ ಲೈಸೆನ್ಸ್ ಈ ಲೆಕ್ಕದಲ್ಲಿಲ್ಲ. ಆಟೋಕ್ಯಾಡ್, ರೆವಿಟ್ ಎರಡನ್ನೂ ಆಟೋಡೆಸ್ಕ್ ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಡುತ್ತದೆ, ವರ್ಷವರ್ಷ ನವೀಕರಿಸಬೇಕು. ಮೆಮೊರಿ ದರ ಆ ವರ್ಷದ ಕೊನೆಗೆ ಬಹಳ ಏರಿತು, ಈ 9,000ವನ್ನು ಈಗಿನ ಪಟ್ಟಿಗೆ ಹಾಗೇ ಬರೆದುಕೊಳ್ಳುವಂತಿಲ್ಲ.

ಬಿಡಿಭಾಗಗಳ ಪೇಟೆಯಾದ ಬೆಂಗಳೂರಿನ ಎಸ್‌ಪಿ ರಸ್ತೆಗೂ ಇಲ್ಲಿಗೂ ಸಾವಿರದೈನೂರರ ಅಂತರ ಬಂತು. ಬೋರ್ಡ್, ಎಸ್‌ಎಂಪಿಎಸ್, ಮಾನಿಟರ್ ಇಲ್ಲೇ ಕೊಂಡು ಉಳಿದದ್ದನ್ನು ಅಲ್ಲಿಂದ ತರಿಸಲಾಯಿತು. ಕೆಟ್ಟರೆ ಹೊತ್ತೊಯ್ಯಲು ಕಷ್ಟವಾದದ್ದು, ಕೆಡುವ ಸಂಭವ ಹೆಚ್ಚಿರುವುದು ಊರಲ್ಲೇ ಇರಲಿ. ಪ್ರೊಸೆಸರ್ ಸೀಲಾದ ಪೆಟ್ಟಿಗೆಯಲ್ಲೇ ಬರಬೇಕು. ‘ಟ್ರೇ’ ಎಂದು ಬಿಡಿಯಾಗಿ ಮಾರುವುದಕ್ಕೆ ಕಂಪನಿಯ ಮೂರು ವರ್ಷದ ವಾರಂಟಿ ನೇರವಾಗಿ ಸಿಗದು, ಮಾರಿದವನ ಮಾತೇ ಗತಿ. ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಬೇಕು. ಬಿಲ್ ಬೇಡವೆಂದರೆ ಶೇ 18 ಉಳಿಯುತ್ತದೆ ಎನ್ನುವವರಿದ್ದಾರೆ. ಆ ಉಳಿತಾಯ ಮೊದಲ ಭಾಗ ಕೆಟ್ಟ ದಿನಕ್ಕೆ ಮುಗಿಯಿತು.

ಜೋಡಣೆಯ ದಿನ

ಕೆಲಸ ನಾಲ್ಕು ಗಂಟೆ ಹಿಡಿಯಿತು. ಎಎಂ5ರಲ್ಲಿ ಸೂಜಿಗಳಿರುವುದು ಸಾಕೆಟ್ಟಿನಲ್ಲಿ, ಪ್ರೊಸೆಸರಿನಲ್ಲಲ್ಲ. ಮೂಲೆಯ ತ್ರಿಕೋನ ಗುರುತು ಕೂಡಿಸಿ ಮೇಲಿಂದ ಇಡಬೇಕು, ತಳ್ಳಬಾರದು. ಸನ್ನೆ ಒತ್ತುವಾಗ ಕಪ್ಪು ಪ್ಲಾಸ್ಟಿಕ್ ಮುಚ್ಚಳ ತಾನೇ ಹಾರಿಬೀಳುತ್ತದೆ. ಅದನ್ನು ಎಸೆಯದೆ ಇಡಬೇಕು, ಬೋರ್ಡನ್ನು ವಾರಂಟಿಗೆ ಕಳಿಸುವಾಗ ಕೇಳುತ್ತಾರೆ. ಪೆಟ್ಟಿಗೆಯ ಕೂಲರ್ ಕೂರಿಸಲು ಸಾಕೆಟ್ಟಿನ ಎರಡೂ ಬದಿಯ ಪ್ಲಾಸ್ಟಿಕ್ ಕೊಕ್ಕೆಪಟ್ಟಿ ಬಿಚ್ಚಿ, ನಾಲ್ಕು ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ರ್‍ಯಾಮ್ ಪ್ರೊಸೆಸರಿನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ. ಎಸ್‌ಎಸ್‌ಡಿ ಮೇಲಿನ ಲೋಹದ ತಗಡಿನ ಒಳಮೈಗೆ ಅಂಟಿದ ತೆಳು ಪ್ಲಾಸ್ಟಿಕ್ ಹಾಳೆ ಕೀಳಬೇಕು. ಬಿಟ್ಟರೆ ತಗಡು ಬಿಸಿ ಹೀರುವುದೇ ಇಲ್ಲ. ಪ್ರೊಸೆಸರಿನ ಎಂಟು ಪಿನ್ ಕೇಬಲ್ ನಾಲ್ಕು ನಾಲ್ಕಾಗಿ ಸೀಳುತ್ತದೆ, ಕಾರ್ಡಿನದು ಆರು ಎರಡಾಗಿ. ಒಂದರ ಜಾಗಕ್ಕೆ ಇನ್ನೊಂದನ್ನು ಬಲ ಹಾಕಿ ತುರುಕಬಾರದು.

ಸ್ವಿಚ್ ಒತ್ತಿದರೆ ಫ್ಯಾನ್ ತಿರುಗಿತು, ಪರದೆ ಬರಲಿಲ್ಲ. ನಲವತ್ತು ಸೆಕೆಂಡ್ ಕಾದು ಆರಿಸಿದರು. ಮತ್ತೆ ಹಚ್ಚಿದರು, ಮತ್ತೆ ಆರಿಸಿದರು. ಮೂರನೇ ಸಲಕ್ಕೆ ರ್‍ಯಾಮ್ ಕಿತ್ತು ಬೇರೆ ಸ್ಲಾಟಿಗೆ ಹಾಕಿದರು. ಕೆಟ್ಟಿದ್ದು ಏನೂ ಇರಲಿಲ್ಲ. ಡಿಡಿಆರ್5 ಮೊದಲ ಸಲ ಹೊತ್ತುವಾಗ ಬೋರ್ಡ್ ಪ್ರತಿ ಸಾಲಿನ ಸಮಯ ಅಳೆದು ಹೊಂದಿಸಿಕೊಳ್ಳುತ್ತದೆ, ಅದಕ್ಕೆ ಹಲವು ನಿಮಿಷ ಬೇಕು. ನಡುವೆ ಆರಿಸಿದರೆ ಮೊದಲಿನಿಂದ ಶುರು. ಬೋರ್ಡಿನ ಮೇಲೆ ‘ಡ್ರಾಮ್’ ಎಂದು ಬರೆದ ಪುಟ್ಟ ದೀಪ ಉರಿಯುತ್ತಿದ್ದರೆ ಹತ್ತು ಹದಿನೈದು ನಿಮಿಷ ಕೈಕಟ್ಟಿ ಕೂರಬೇಕು. ಎರಡು ಮತ್ತು ನಾಲ್ಕಕ್ಕೆ ಮರಳಿ ಹಾಕಿ, ಚಹಾ ಕುಡಿದು ಬರುವಷ್ಟರಲ್ಲಿ ಪರದೆ ಬಂದಿತ್ತು.

ಬಯಾಸ್‌ನಲ್ಲಿ ಎಕ್ಸ್‌ಪೊ (ರ್‍ಯಾಮ್ ಪೂರ್ತಿ ವೇಗದಲ್ಲಿ ಓಡಲು ಇರುವ ಆಯ್ಕೆ) ಆನ್ ಮಾಡದಿದ್ದರೆ 6000ಕ್ಕೆ ದುಡ್ಡು ಕೊಟ್ಟ ರ್‍ಯಾಮ್ 4800ರಲ್ಲೇ ಓಡುತ್ತಿರುತ್ತದೆ. ಹಾಗೆಯೇ ಗ್ರಾಫಿಕ್ಸಿಗೆ 4 ಜಿಬಿ ಕಾದಿರಿಸಲಾಯಿತು. ವಿಂಡೋಸ್ ಮಾನಿಟರನ್ನು 60 ಹರ್ಟ್ಜ್‌ನಲ್ಲೇ ಬಿಟ್ಟಿತ್ತು, 100ಕ್ಕೆ ಬದಲಿಸಲಾಯಿತು.

ಅಳತೆಯಲ್ಲಿ ಪೆಟ್ಟಿಗೆಯ ಕೂಲರ್ ಸೋತಿತು. ಕೋಣೆ 31 ಡಿಗ್ರಿ ಇದ್ದಾಗ ಇಪ್ಪತ್ತು ನಿಮಿಷದ ರೆಂಡರಿನಲ್ಲಿ ಪ್ರೊಸೆಸರ್ 90 ಮುಟ್ಟಿತು. ಇದರ ಮಿತಿ 95. ಏಪ್ರಿಲ್‌ನ ಕೋಣೆಯಲ್ಲಿ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ ಎಂದಾಯಿತು. ನಾಲ್ಕು ತಾಮ್ರದ ಕೊಳವೆಗಳ, 155 ಮಿ.ಮೀ. ಎತ್ತರದ ಗೋಪುರ ಕೂಲರ್ 2,000ಕ್ಕೆ ಬಂತು. ಕ್ಯಾಬಿನೆಟ್ 165ರವರೆಗೆ ಹಿಡಿಸುತ್ತದೆ ಎಂದು ಮೊದಲೇ ನೋಡಿಕೊಂಡದ್ದು ಇಲ್ಲಿ ಒದಗಿತು. ಹಳೆಯದನ್ನು ತೆಗೆಯುವ ಮುನ್ನ ಹತ್ತು ನಿಮಿಷ ಯಂತ್ರ ಓಡಿಸಿ ಪ್ರೊಸೆಸರಿಗೂ ಕೂಲರಿಗೂ ನಡುವಿನ ಪೇಸ್ಟ್ ಮೆತ್ತಗಾಗಿಸಿ, ಆರಿಸಿ ಪ್ಲಗ್ ಕಿತ್ತು, ಅತ್ತಿತ್ತ ತಿರುವಿ ಎತ್ತಬೇಕು. ಏಪ್ರಿಲ್‌ನಲ್ಲಿ 37 ಡಿಗ್ರಿ ಕೋಣೆಯಲ್ಲಿ ಅದೇ ರೆಂಡರ್ 81ರಲ್ಲಿ ನಿಂತಿತು.

ಮೂರನೇ ವಾರದ ತಕರಾರು

ಸಂಜೆ ಕರೆಂಟ್ ಹೋದಾಗಲೆಲ್ಲ ಕಂಪ್ಯೂಟರ್ ರೀಸ್ಟಾರ್ಟ್ ಆಗತೊಡಗಿತು. ಮನೆಯಲ್ಲಿ ಸೈನ್‌ವೇವ್ ಇನ್ವರ್ಟರ್ ಇತ್ತು, ದೀಪ ಒಮ್ಮೆ ಮಿಣುಕಿ ಉಳಿಯುತ್ತಿದ್ದವು. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನೆಲ್ ಪವರ್ 41’ ಸಾಲುಸಾಲಾಗಿ. ಈ ನಮೂದು ಹೇಳುವುದಿಷ್ಟೇ, ಯಂತ್ರ ಸರಿಯಾಗಿ ಮುಚ್ಚದೆ ನಿಂತಿತು ಎಂದು. ಅದನ್ನು ನೋಡಿ ಎಸ್‌ಎಂಪಿಎಸ್ ಬದಲಿಸಲು ಹೊರಟಿದ್ದರು. ಆದರೆ ಕರೆಂಟ್ ಇದ್ದಾಗ ಎಷ್ಟೇ ದುಡಿಸಿದರೂ ನಿಲ್ಲುತ್ತಿರಲಿಲ್ಲ, ಬ್ಯಾಟರಿ ಮೇಲೆ ಓಡುವಾಗಲೂ ನಿಲ್ಲುತ್ತಿರಲಿಲ್ಲ. ಒಂದರಿಂದ ಇನ್ನೊಂದಕ್ಕೆ ದಾಟುವ ಕ್ಷಣ ಮಾತ್ರ. ಎಸ್‌ಎಂಪಿಎಸ್ ತನ್ನೊಳಗೆ ಕೂಡಿಟ್ಟ ಶಕ್ತಿಯಿಂದ ಪೂರ್ತಿ ಹೊರೆಯಲ್ಲಿ ಉಸಿರು ಹಿಡಿಯುವುದು ಸುಮಾರು 16 ಮಿಲಿಸೆಕೆಂಡ್. ಇನ್ವರ್ಟರ್ ಹಿಂಬದಿಯ ಪುಟ್ಟ ಸ್ವಿಚ್ ‘ನಾರ್ಮಲ್’ನಲ್ಲಿತ್ತು, ಆ ಸ್ಥಿತಿಯಲ್ಲಿ ಅದು ದಾಟಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಸ್ವಿಚ್ಚನ್ನು ‘ಯುಪಿಎಸ್’ಗೆ ಸರಿಸಿದ ಮೇಲೆ ಒಂದೂ ರೀಸ್ಟಾರ್ಟ್ ಇಲ್ಲ. ಹೊಸ ಯುಪಿಎಸ್‌ನ 5,000 ಉಳಿಯಿತು.

ಇದಕ್ಕೂ ಬೆಲೆ ಇದೆ. ಯುಪಿಎಸ್ ಸ್ಥಿತಿಯಲ್ಲಿ ಇನ್ವರ್ಟರ್ ಸುಮಾರು 180 ವೋಲ್ಟ್‌ಗಿಂತ ಕೆಳಗಿನ ಕರೆಂಟನ್ನು ಒಪ್ಪುವುದಿಲ್ಲ. ಬೇಸಿಗೆಯ ಸಂಜೆ ವೋಲ್ಟೇಜ್ ಕುಸಿದಾಗಲೆಲ್ಲ ಬ್ಯಾಟರಿಗೆ ಜಿಗಿಯುತ್ತದೆ, ಬ್ಯಾಟರಿ ನೀರು ಬೇಗ ಇಳಿಯುತ್ತದೆ. ಮೊದಲು ಮೂರು ತಿಂಗಳಿಗೊಮ್ಮೆ ಹಾಕುತ್ತಿದ್ದ ಡಿಸ್ಟಿಲ್ಡ್ ವಾಟರನ್ನು ಈಗ ತಿಂಗಳಿಗೊಮ್ಮೆ ನೋಡಿ ತುಂಬಿಸುತ್ತಾರೆ. ಮನೆಯಲ್ಲಿದ್ದದ್ದು ಹಳೆಯ ಸ್ಕ್ವೇರ್‌ವೇವ್ ಇನ್ವರ್ಟರ್ ಆಗಿದ್ದರೆ ಈ ದಾರಿ ನಡೆಯುತ್ತಿರಲಿಲ್ಲ. ಆಗ ಕಂಪ್ಯೂಟರಿಗೆ ಇನ್ವರ್ಟರ್ ಸೋಂಕಿಲ್ಲದ ಬೇರೆ ಲೈನ್ ಎಳೆದು, 1000 ವಿಎ ಯುಪಿಎಸ್ ಇಡಬೇಕಿತ್ತು.

ಮುಂದಿನ ವರ್ಷದ ಕಾರ್ಡಿಗೆ ಮಿತಿಗಳನ್ನು ಈಗಲೇ ಬರೆದು ಕ್ಯಾಬಿನೆಟ್ ಒಳಬದಿಗೆ ಅಂಟಿಸಲಾಗಿದೆ: ಉದ್ದ 300 ಮಿ.ಮೀ. ಒಳಗೆ, ಒಂದೇ ಎಂಟು ಪಿನ್ ಕೇಬಲ್, 8 ಜಿಬಿ ಮೆಮೊರಿ, 150 ವ್ಯಾಟ್ ದಾಟಬಾರದು. ಕಾರ್ಡ್ ಕೂರಿಸಿದ ದಿನ ಮಾನಿಟರ್ ಕೇಬಲ್ಲನ್ನು ಬೋರ್ಡಿನಿಂದ ಕಿತ್ತು ಕಾರ್ಡಿಗೆ ಚುಚ್ಚಬೇಕು, ಬಯಾಸ್‌ನಲ್ಲಿ ಕಾದಿರಿಸಿದ 4 ಜಿಬಿಯನ್ನು ರ್‍ಯಾಮ್‌ಗೆ ಹಿಂದಿರುಗಿಸಬೇಕು.